ತೊಯ್ಯದ ಕೋಟು

ಮುಂಬಯಿಯಿಂದ ಕೋಟು ಬಂದ ದಿನದಿಂದ ಗದಗಿನಲ್ಲಿ ಮಳೆ ಬಿದ್ದಿರಲಿಲ್ಲ. ದತ್ತಾತ್ರಿಯ ಫಜೀತಿಗೆಲ್ಲ ಮೂಲ ಕಾರಣ ಇಷ್ಟೇ.

ಕೋಟು ಕಳಿಸಿದವನು ಅವನ ಹೆಂಡತಿ ಪದ್ಮಾಬಾಯಿಯ ತಮ್ಮ ರಾಘವೇಂದ್ರ. ನೀರು ಹತ್ತದ ಕೋಟು ಹೊಲಿಯುವ ಹೊಸ ಕಂಪನಿಯೊಂದರಲ್ಲಿ ಅವನು ಕೆಲಸಕ್ಕಿದ್ದ. ಇದು ಪೋಲೀಸರು ಹಾಕಿಕೊಳ್ಳುವ, ಮೊಣಕಾಲಿನ ಕೆಳಗೆ ಜೋಲುವ ಕರಿ ರೇನ್‌ಕೋಟಿನಂಥದಲ್ಲ. ಸೊಂಟದ ಕೆಳಗೆ ಗೇಣುದ್ದ ಬಂದು ನಿಲ್ಲುವ, ಎಲೆಹಸಿರು ಬಣ್ಣದ, ನಡುವಿಗೆ ಪಟ್ಟಿ ಇದ್ದ ಠೀಕಾದ ಕೋಟು. ಎದೆಯ ಮೇಲೆ ಗುಂಡಿಗಳಿರಲಿಲ್ಲ. ಹಿತ್ತಾಳೆಯ ಹಲ್ಲಿನ ಸಾಲು ಇತ್ತು, ಎಳೆದರೆ ಸರ್ರನೆ ಗದ್ದದವರೆಗೆ ಮುಚ್ಚಿಕೊಳ್ಳುತ್ತಿತ್ತು. ಬೆನ್ನ ಹಿಂದೆ ಕೂಸಿನ ಕುಂಚಿಗೆಯಂಥ ಟೊಪ್ಪಿಗೆ ಜೋತುಬಿದ್ದಿತ್ತು. ಪೇಟೆಯಲ್ಲಿ ತಿರುಗುವುದಕ್ಕೂ ಸೈ, ಗುಡ್ಡ ಹತ್ತುವುದಕ್ಕೂ ಸೈ ಎಂಬುದು ಕಂಪನಿಯವರ ಹೆಮ್ಮೆ. ದತ್ತಾತ್ರಿ ಅದನ್ನು ಮಳೆಯಲ್ಲಿ ಹಾಕಿಕೊಂಡು ಪೇಟೆಯಲ್ಲೂ ಗುಡ್ಡದಲ್ಲೂ ತಿರುಗಿ, ಹೇಗಿದೆ ಎಂದು ಹೇಳಬೇಕು. ಹೇಳಿದ್ದು ಮ್ಯಾನೇಜರ ಸಾಹೇಬರ ಮನಸ್ಸಿಗೆ ಬಂದರೆ ಗದಗು, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಇಷ್ಟಕ್ಕೂ ಕೋಟಿನ ಏಜೆನ್ಸಿ ಅವನಿಗೇ.

ದತ್ತಾತ್ರಿಗೆ ಏಜೆನ್ಸಿ ಬೇಕಾಗಿತ್ತು. ಅವನು ಕುಬೇರಪ್ಪನ ಹತ್ತಿ ಅಂಗಡಿಯಲ್ಲಿ ಗುಮಾಸ್ತ. ದಿನವೆಲ್ಲ ಹತ್ತಿ ತುಂಬಿದ ಅಂಡಿಗೆಗಳ ನಡುವೆ ನಿಂತು, ಸಂಜೆ ಮನೆಗೆ ಬರುವಾಗ ಹುಬ್ಬು ಮೀಸೆಗೆಲ್ಲ ಅರಳೆ ಹತ್ತಿ, ವಯಸ್ಸಿಗೆ ಮೊದಲೇ ಮುದುಕನಾಗಿ ಬರುತ್ತಿದ್ದ. ಅದನ್ನಾದರೂ ಸಹಿಸಿಕೊಳ್ಳಬಹುದಿತ್ತು. ಆದರೆ ಕುಬೇರಪ್ಪ ಇಷ್ಟು ವರ್ಷಗಳಲ್ಲಿ ಅವನನ್ನು ಹೆಸರು ಹಿಡಿದು ಕರೆದದ್ದಿಲ್ಲ. ಗಾದಿಯ ಮೇಲೆ ಒರಗಿದಲ್ಲಿಂದಲೇ ಚಿಟಿಕೆ ಹೊಡೆದು ಕರೆಯುತ್ತಿದ್ದ. ತನ್ನದೇ ಒಂದು ಸಣ್ಣ ಅಂಗಡಿ, ಅದರಲ್ಲಿ ತನ್ನದೇ ಒಂದು ಕುರ್ಚಿ, ಯಾರೂ ಚಿಟಿಕೆ ಹೊಡೆಯದ ಒಂದು ಬಾಳು — ದತ್ತಾತ್ರಿಯ ಕನಸು ಇದಕ್ಕಿಂತ ದೊಡ್ಡದಿರಲಿಲ್ಲ.

ಶ್ರಾವಣ ಬಂದಿತ್ತು, ಮಳೆ ಬಂದಿರಲಿಲ್ಲ. ಹಾಗಿರುವಾಗ ಒಂದು ದಿನ ಬೆಳಗಾಗುತ್ತಲೇ ತಾರು ಬಂತು. ಮ್ಯಾನೇಜರ ಸಾಹೇಬರೂ ತಾನೂ ಹುಬ್ಬಳ್ಳಿಯಿಂದ ಇಂದು ಸಂಜೆಯ ಗಾಡಿಗೆ ಗದಗಿಗೆ ಬಂದು, ಮುಂದೆ ಸೊಲ್ಲಾಪುರದ ಗಾಡಿ ಹಿಡಿಯುವುದಾಗಿ ರಾಘವೇಂದ್ರ ತಿಳಿಸಿದ್ದ.

ದತ್ತಾತ್ರಿ ತಾರನ್ನು ಹಿಡಿದುಕೊಂಡೇ ಅಂಗಳಕ್ಕೆ ಬಂದು ಮೇಲೆ ನೋಡಿದ. ಆಕಾಶ ತೊಳೆದಿಟ್ಟ ತಾಟಿನಂತಿತ್ತು.

ಅಂಗಡಿಗೆ ಹೊಟ್ಟೆ ಕೆಟ್ಟಿದೆ ಎಂದು ಹೇಳಿಕಳಿಸಿ, ಅವನು ಕೋಟು ತೊಟ್ಟುಕೊಂಡ. ಮಳೆ ಬಾರದಿದ್ದರೆ ಬಾವಿಯ ನೀರಾದರೂ ಇದೆಯಲ್ಲ ಎಂದು ಪದ್ಮಾಬಾಯಿ ಕೊಡ ತಂದಳು. ಅಷ್ಟರಲ್ಲಿ, ಹಲವು ಮನೆಗಳಿಗೆ ಒಂದೇ ಬಾವಿಯಿದ್ದ ಆ ವಾಡೆಯ ಭಾಗೀರಥಿಬಾಯಿ ಬಾವಿಯ ಕಟ್ಟೆಗೆ ಅಡ್ಡ ಬಂದು ನಿಂತರು. ವಾಡೆಯಲ್ಲಿ ಯಾವುದು ಮಡಿ, ಯಾವುದು ಮೈಲಿಗೆ ಎಂದು ತೀರ್ಮಾನಿಸುವ ಅಧಿಕಾರ ಆ ಮುದುಕಿಯದೇ. ಅವರು ಕೋಟಿನ ತೋಳನ್ನು ಮುಟ್ಟದೆ, ದೂರದಿಂದಲೇ ಮೂಸಿ ನೋಡಿ, ಇದಕ್ಕೆ ನೀರು ಹತ್ತುವುದಿಲ್ಲವೆಂಬುದು ಖರೆಯೇ ಎಂದು ಕೇಳಿದರು. ದತ್ತಾತ್ರಿ ಅಭಿಮಾನದಿಂದ ಹೌದೆಂದ.

“ಮತ್ತ ಇದನ್ನ ಮಡಿ ಹ್ಯಾಂಗ ಮಾಡೋದೋ ದತ್ತೂ? ಯಾವ ಅರಿವಿ ಆದ್ರೂ ನೀರಾಗ ಅದ್ದಿದ್ರ ಮಡಿ ಆಗ್ತದ. ಇದು ಅದ್ದಿದ್ರೂ ಒಣಾನ ಇರ್ತದ. ಅಂದ್ರ ಇದು ಹುಟ್ಟಾ ಮೈಲಿಗಿ. ಬಾವಿ ಹತ್ರ ತರಬ್ಯಾಡ.”

ಶಾಸ್ತ್ರದೊಡನೆ ವಾದ ಬೇಡವೆಂದು ದತ್ತಾತ್ರಿ ಬಾವಿಯ ಕಡೆಯಿಂದ ಸರಿದ. ಅವನು ಬೀದಿಗೆ ಬಂದು ನಿಂತ. ಪದ್ಮಾಬಾಯಿ ಮನೆಯ ಕಟ್ಟೆ ಹತ್ತಿ ಕೊಡದಿಂದ ಅವನ ತಲೆಯ ಮೇಲೆ ನೀರು ಸುರಿಯತೊಡಗಿದಳು. ಓಣಿಯ ಮಂದಿ ಕೂಡಿದರು. ಮಳೆ ಹೀಗೆ ನೆಟ್ಟಗೆ ಬೀಳುವುದಿಲ್ಲ, ಓರೆಯಾಗಿ ಹೊಯ್ಯಬೇಕು ಎಂದು ಒಬ್ಬರು, ಮೊದಲು ಹನಿ ಹನಿಯಾಗಿ ಆರಂಭಿಸಬೇಕು ಎಂದು ಇನ್ನೊಬ್ಬರು ಹೇಳಿಕೊಟ್ಟರು. ಬಿಸಿಲು ಚುರುಗುಟ್ಟುತ್ತಿತ್ತು. ಗದ್ದದವರೆಗೆ ಮುಚ್ಚಿಕೊಂಡ ದತ್ತಾತ್ರಿ ಹಬೆಯಲ್ಲಿಟ್ಟ ಕಡುಬಿನಂತೆ ಒಳಗೊಳಗೇ ಬೇಯುತ್ತಿದ್ದ. ಕೊಡಗಳೆಲ್ಲ ಬರಿದಾದ ಮೇಲೆ ಅವನು ಹಲ್ಲಿನ ಸಾಲನ್ನು ಸರ್ರನೆ ಇಳಿಸಿ ಕೋಟು ಕಳಚಿದ. ಒಳಗಿನ ಅಂಗಿ ಹಿಂಡಿದರೆ ನೀರಿಳಿಯುವಷ್ಟು ತೊಯ್ದಿತ್ತು.

ಭಾಗೀರಥಿಬಾಯಿ ಕೋಟು ಸೋರುತ್ತದೆ ಎಂದು ತೀರ್ಪು ಕೊಟ್ಟರು. ಇದು ಬೆವರು ಎಂದು ದತ್ತಾತ್ರಿ ಆಣೆ ಮಾಡಿ ಹೇಳಿದರೂ ಯಾರೂ ಒಪ್ಪಲಿಲ್ಲ. ಬೇಕಾದರೆ ನೆಕ್ಕಿ ನೋಡಿ, ಉಪ್ಪಾಗಿದೆ ಎಂದು ಅವನು ಅಂಗಿಯ ಚುಂಗನ್ನು ಮುಂದೆ ಹಿಡಿದ. ಅದಕ್ಕೂ ಯಾರೂ ಮುಂದೆ ಬರಲಿಲ್ಲ.

“ಕೊಡದ ನೀರಿನ ಕಥಿ ಸಾಹೇಬರ ಮುಂದ ಹೇಳ್ಲಿಕ್ಕೆ ಬರ್ತದೇನ್ರಿ?” ಎಂದಳು ಪದ್ಮಾಬಾಯಿ. “ಖರೇ ಮಳಿ ಎಲ್ಲಿ ಅದನೋ ಹುಡುಕ್ಕೊಂಡು ಹೋಗ್ರಿ. ರಾಘೂನ ಮಾತು ಉಳೀಬೇಕು.”

ರಾಘುವಿನ ಮಾತಿನ ಮೇಲೆ ಮಳೆರಾಯನಿಗೂ ಗೌರವವಿತ್ತೋ ಏನೋ, ದತ್ತಾತ್ರಿ ಅಂಗಿ ಬದಲಿಸಿಕೊಂಡು ಹೊರಗೆ ಬರುವಷ್ಟರಲ್ಲಿ ಬಿಸಿಲು ಕುಂದಿ, ಬೆಟಗೇರಿಯ ಕಡೆಯಿಂದ ಮೋಡ ಏರಿತ್ತು. ಬಜಾರ ಮುಟ್ಟುವಾಗ ತೊಟ್ಟು ತೊಟ್ಟಾಗಿ ಹನಿ ಶುರುವಾಯಿತು. ದತ್ತಾತ್ರಿಯ ಎದೆ ಹಿಗ್ಗಿತು. ಅವನು ಟೊಪ್ಪಿಗೆ ಏರಿಸಿ, ಬೀದಿಯ ನಟ್ಟನಡುವೆ ಮದುವಣಿಗನಂತೆ ನಡೆಯತೊಡಗಿದ.

ಆದರೆ ಗದಗಿನ ಮಂದಿಗೆ ಕಣ್ಣೆದುರು ಒಬ್ಬ ಮನುಷ್ಯ ತೊಯ್ಸಿಕೊಳ್ಳುವುದನ್ನು ನೋಡಿ ಅಭ್ಯಾಸವಿಲ್ಲ. ತಂಬಾಕಿನ ಅಂಗಡಿಯವನು ಕೈಹಿಡಿದು ಮಾಡಿನ ಕೆಳಗೆ ಎಳೆದ. ಅವನಿಂದ ಬಿಡಿಸಿಕೊಂಡು ಬಂದರೆ ಸೀರೆ ಹೊತ್ತು ಮಾರುವ ಬೆಟಗೇರಿಯ ನೇಕಾರನೊಬ್ಬ ತನ್ನ ಗಂಟನ್ನು ಸರಿಸಿ ನಿಲ್ಲಲು ಜಾಗ ಮಾಡಿಕೊಟ್ಟ. ಕೋಟು ಚೆಂದವಿದೆ, ಯಾಕೆ ಹಾಳು ಮಾಡಿಕೊಳ್ಳುತ್ತೀರಿ ಎಂದು ಬುದ್ಧಿಯನ್ನೂ ಹೇಳಿದ. ಕೋಟು ಮಳೆಗೆಂದೇ ಇರುವುದು ಎಂದರೆ ಇಷ್ಟು ಚೆಂದದ ಬಟ್ಟೆಯನ್ನು ಯಾರು ಮಳೆಗೆ ಹಾಕುತ್ತಾರೆ ಎಂದು ಅವನು ನಕ್ಕ.

ಅಲ್ಲಿಂದ ಮುಂದೆ ಕುಬೇರಪ್ಪನ ಅಂಗಡಿ. ಹೊಟ್ಟೆ ಕೆಟ್ಟವನು ಮಳೆಯಲ್ಲಿ ತಿರುಗುವುದನ್ನು ಧಣಿ ಕಂಡರೆ ನಾಳೆಯ ಗತಿ ಏನು ಎಂದು ಹೆದರಿ ದತ್ತಾತ್ರಿ ಟೊಪ್ಪಿಗೆಯನ್ನು ಹುಬ್ಬಿನವರೆಗೆ ಎಳೆದುಕೊಂಡ, ಕಾಲರನ್ನು ಮೂಗಿನವರೆಗೆ ಎತ್ತಿದ, ಮುಖ ತಿರುವಿ ದೊಡ್ಡ ಹೆಜ್ಜೆ ಹಾಕಿದ. ಕುಬೇರಪ್ಪ ಕಂಡೇ ಕಂಡ. ಕಂಡವನು ಗಾದಿಯಿಂದ ಎದ್ದ. ಎದ್ದು ಅಂಗಡಿಯ ಮೆಟ್ಟಿಲವರೆಗೆ ಬಂದು ಎರಡೂ ಕೈ ಜೋಡಿಸಿದ.

“ಬರ್ರಿ ಸಾಹೇಬ್ರ, ತೊಯ್ಸಿಕೊಳ್ಳಾಕ ಹತ್ತೀರಿ. ಒಳಗ ಬಂದ ಕುಂಡ್ರಿ.”

ದತ್ತಾತ್ರಿಯ ಕಾಲು ಅಲ್ಲೇ ನೆಟ್ಟಿತು. ಬಾಯಿ ತೆರೆದರೆ ಗುರುತು ಸಿಕ್ಕೀತು, ತೆರೆಯಲಿಲ್ಲ. ಆದರೆ ಕುಬೇರಪ್ಪ ತನ್ನೆದುರು ಎದ್ದು ನಿಂತ ಆ ಗಳಿಗೆಯನ್ನು ಬಿಟ್ಟು ಮುಂದೆ ಹೋಗಲು ಮನಸ್ಸೂ ಆಗಲಿಲ್ಲ. ಕೊನೆಗೆ ಸಾಹೇಬರು ಮಾಡುವಂತೆ ಕತ್ತನ್ನು ಒಂದಿಷ್ಟೇ ಬಗ್ಗಿಸಿ ಮುಂದೆ ನಡೆದ. ಸಾಹೇಬರು ತೊಯ್ಯಬಾರದೆಂದು ಕುಬೇರಪ್ಪ ಒಬ್ಬ ಹಮಾಲನಿಗೆ ತನ್ನ ಛತ್ರಿ ಕೊಟ್ಟು ಹಿಂದೆ ಓಡಿಸಿದ. ದತ್ತಾತ್ರಿ ಎಡಕ್ಕೆ ಸರಿದರೆ ಛತ್ರಿ ಎಡಕ್ಕೆ, ಬಲಕ್ಕೆ ಸರಿದರೆ ಬಲಕ್ಕೆ. ಟಾಂಗಾ ಸ್ಟ್ಯಾಂಡಿನಲ್ಲಿ ಹಮಾಲ ಬಗ್ಗಿ ಮುಜುರೆ ಮಾಡಿ ಛತ್ರಿ ಮಡಿಚಿಕೊಂಡು ಹೋಗುವಾಗ ಮಳೆಯೂ ನಿಂತಿತ್ತು. ಕೋಟಿನ ಮೇಲೆ ಅಲ್ಲೊಂದು ಇಲ್ಲೊಂದು ಹನಿ ಇದ್ದವು.

ಟಾಂಗಾದ ಬುಡ್ಡೇಸಾಬ ಮಾತ್ರ ಚಪ್ಪಲಿ ನೋಡಿ ದತ್ತಾತ್ರಿಯನ್ನು ಗುರುತು ಹಿಡಿದ. ಗೋಳೆಲ್ಲ ಕೇಳಿಸಿಕೊಂಡು, ಪೇಟೆಯಲ್ಲಿ ನಿಮ್ಮನ್ನು ಯಾರೂ ತೊಯ್ಯಗೊಡುವುದಿಲ್ಲ, ಕಪ್ಪತಗುಡ್ಡದ ಮೇಲೆ ಮೋಡ ಇಳಿದಿದೆಯಂತೆ, ಅಲ್ಲಿ ನೀವಾಯಿತು ಮಳೆಯಾಯಿತು ಎಂದ. ಗುಡ್ಡದ ಪರೀಕ್ಷೆಯೂ ಹೇಗೂ ಆಗಬೇಕಾಗಿತ್ತು. ದತ್ತಾತ್ರಿ ಮುಂಡರಗಿಯ ಮೋಟಾರು ಹತ್ತಿದ.

ಮೋಟಾರಿನಲ್ಲಿ ಜನ ಕಿಕ್ಕಿರಿದಿದ್ದರು. ಆದರೂ ಕೋಟನ್ನು ಕಂಡೊಡನೆ ಮುಂದಿನ ಸೀಟು ತಾನಾಗಿ ಖಾಲಿಯಾಯಿತು. ಪಕ್ಕದಲ್ಲಿ ಕೂಡ್ರಲು ಎಲ್ಲರೂ ಹಿಂಜರಿದರು. ಕೊನೆಗೆ ಹಿರೇವಡ್ಡಟ್ಟಿಯ ಕಳಕಪ್ಪ ಎಂಬ ಹಿರಿಯ ಒಕ್ಕಲಿಗ ತಲೆಯ ಪಟಕಾ ಸರಿಪಡಿಸಿಕೊಂಡು ತುದಿಗೆ ಕೂತ. ಸ್ವಲ್ಪ ದೂರ ಹೋದ ಮೇಲೆ, ಸಾಹೇಬರ ಸವಾರಿ ಎಲ್ಲಿಗೆ ಎಂದು ವಿಚಾರಿಸಿದ. ಗುಡ್ಡಕ್ಕೆ ಎಂದ ದತ್ತಾತ್ರಿ. ಅಲ್ಲೇನು ನೋಡುವುದು ಎಂದು ಕೇಳಿದ ಕಳಕಪ್ಪ.

“ಗುಡ್ಡದ ಈ ಕಡೆ ಹ್ಯಾಂಗದ, ಆ ಕಡೆ ಹ್ಯಾಂಗದ ನೋಡಬೇಕು. ಆಮ್ಯಾಲ ಸಂಜೀಕ ಮುಂಬೈದವ್ರ ಮುಂದ ಹೇಳಬೇಕು,” ಎಂದ ದತ್ತಾತ್ರಿ. ಅವನು ಹೇಳಿದ್ದು ಮಳೆಯ ಮಾತು.

ಕಳಕಪ್ಪನ ತಲೆ ಗಾಣದಂತೆ ತಿರುಗತೊಡಗಿತು. ಕನ್ನಡದವರೆಲ್ಲ ಒಂದೇ ರಾಜ್ಯ ಆಗುತ್ತದೆಂದು ಎಲ್ಲೆಲ್ಲೂ ಸುದ್ದಿ ಎದ್ದಿದ್ದ ಕಾಲ ಅದು. ಮೊನ್ನೆ ಮೊನ್ನೆಯವರೆಗೆ ಲಕ್ಷ್ಮೇಶ್ವರಕ್ಕೆ ಒಬ್ಬ ಅರಸ, ಶಿರಹಟ್ಟಿಗೆ ಇನ್ನೊಬ್ಬ ಅರಸ. ಹೊಳೆ ದಾಟಿದರೆ ಬೇರೆಯೇ ಸರಕಾರ. ಕಳಕಪ್ಪನ ಬೀಗರ ಪೈಕಿ ಕೆಲವರು ಕುಳಿತಲ್ಲಿ ಕುಳಿತಂತೆಯೇ ಎರಡು ಸಲ ಸರಕಾರ ಬದಲಿಸಿದ್ದರು. ಈಗ ಮತ್ತೆ ಗಡಿ ಎಳೆಯುತ್ತಾರೆಂಬ ಖಬರಿತ್ತು. ಆಗ ಈ ಸೀಮೆಯನ್ನಾಳುತ್ತಿದ್ದ ಮುಂಬಯಿಯವರಿಗೆ ವರದಿ ಹೇಳಲು, ಹೆಸರು ಹೇಳದೆ, ಇಂಥ ಕೋಟು ತೊಟ್ಟು ಗುಡ್ಡದ ಎರಡೂ ಕಡೆ ನೋಡಲು ಬಂದವನು ಮತ್ತೆ ಯಾರಿದ್ದಾನು?

ಮೋಟಾರು ನಿಂತ ಕೂಡಲೆ ಕಳಕಪ್ಪ ಅಡ್ಡದಾರಿ ಹಿಡಿದು ಊರಿಗೆ ಓಡಿದ. ದತ್ತಾತ್ರಿ ಹಿರೇವಡ್ಡಟ್ಟಿ ಮುಟ್ಟಿದಾಗ ಊರ ಅಗಸೆಬಾಗಿಲಲ್ಲಿ ಅರ್ಧ ಊರು ನಿಂತಿತ್ತು. ದೊಡ್ಡವರನ್ನು ಎದುರುಗೊಳ್ಳುವಾಗ ಕೊಡುವಂತೆ ಅವನ ಕೈಗೆ ಲಿಂಬೆಹಣ್ಣು ಕೊಟ್ಟರು. ಅವನು ಏನು ಎತ್ತ ಎಂದು ಕೇಳುವುದರೊಳಗೆ ಗುಡ್ಡದ ನೆತ್ತಿಯಲ್ಲಿ ಗುಡುಗು ಉರುಳಿ, ಅವನು ಹಂಬಲಿಸಿದ ಮಳೆ, ದಪ್ಪ ಹನಿಯ ನಿಜವಾದ ಮಳೆ, ಹೊಲಗಳ ಮೇಲೆ ಸಾಗಿ ಬರುವುದು ಕಂಡಿತು. ದತ್ತಾತ್ರಿ ಕಣ್ಣು ಮುಚ್ಚಿ ಮುಖ ಮೇಲೆತ್ತಿದ.

ಮುಖದ ಮೇಲೆ ಒಂದು ಹನಿಯೂ ಬೀಳಲಿಲ್ಲ. ಕಣ್ಣು ತೆರೆದು ನೋಡಿದರೆ ಮೇಲೆ ಕರಿ ಕಂಬಳಿಯೊಂದು ಚಪ್ಪರದಂತೆ ಹರಡಿತ್ತು. ನಾಲ್ಕೂ ಮೂಲೆಗೆ ಒಬ್ಬೊಬ್ಬರು ಕೋಲು ಹಿಡಿದು ನಿಂತಿದ್ದರು.

ತನಗೆ ಮಳೆ ಬೇಕೆಂದು, ತಾನು ಬಂದದ್ದೇ ಕೋಟನ್ನು ತೊಯ್ಸುವುದಕ್ಕೆಂದು ದತ್ತಾತ್ರಿ ಬಿಡಿಸಿ ಹೇಳಿದ. ಊರವರು ಒಬ್ಬರ ಮುಖ ಒಬ್ಬರು ನೋಡಿ ಮುಸಿಮುಸಿ ನಕ್ಕರು. ಸರಕಾರದವರು ಗುಟ್ಟನ್ನು ಬಿಟ್ಟುಕೊಡುವುದಿಲ್ಲ, ಹೀಗೇ ಏನಾದರೊಂದು ಹೇಳುತ್ತಾರೆ ಎಂದು ಕಳಕಪ್ಪ ಮೊದಲೇ ತಿಳಿಸಿಟ್ಟಿದ್ದ. ದತ್ತಾತ್ರಿ ಗುಡ್ಡದ ದಾರಿ ಹಿಡಿದ. ಚಪ್ಪರವೂ ಗುಡ್ಡದ ದಾರಿ ಹಿಡಿಯಿತು. ಸುತ್ತಲೂ ಧೋ ಎಂದು ಸುರಿಯುತ್ತಿತ್ತು. ಕಂಬಳಿ ಹಿಡಿದವರು ತೊಯ್ದು ತೊಪ್ಪೆಯಾಗಿದ್ದರು. ನಡುವೆ ನೀರು ಹತ್ತದ ಕೋಟು ತೊಟ್ಟ ದತ್ತಾತ್ರಿ ಒಬ್ಬನೇ ಒಣಗಿದ ಕೊಬ್ಬರಿಯಂತಿದ್ದ.

ಗುಡ್ಡದ ಬುಡದಲ್ಲಿ ಕಳಕಪ್ಪ ಅವನನ್ನು ನಿಲ್ಲಿಸಿದ. ಮಳೆಯಲ್ಲೇ ಪಟಕಾ ತೆಗೆದು ಕೈಯಲ್ಲಿ ಹಿಡಿದುಕೊಂಡ.

“ಸಾಹೇಬ್ರ, ನೀವು ಯಾರ ಅನ್ನೂದು ಹೇಳಬ್ಯಾಡ್ರಿ, ನಾವೂ ಕೇಳೂದಿಲ್ಲ. ಒಂದ ಮಾತು ನಡಸಿಕೊಡ್ರಿ. ಊರು ಒಂದ ಕಡಿ, ಗುಡ್ಡ ಒಂದ ಕಡಿ ಮಾಡಬ್ಯಾಡ್ರಿ. ನಮ್ಮ ಕುರಿ ಇಲ್ಲೇ ಮೇಯ್ತಾವು. ಅವಕ್ಕ ಗಡಿ ಅಂದ್ರ ಏನ ತಿಳೀತೈತಿ?”

ಆಗ ದತ್ತಾತ್ರಿಗೆ ವಿಷಯ ತಿಳಿಯಿತು. ಕುಬೇರಪ್ಪನ ಮುಂದೆ ಸಾಹೇಬನಾಗುವುದು ಬೇರೆ. ತಲೆಯ ಮೇಲಿನ ಪಟಕಾ ತೆಗೆದು ನಿಂತ ಈ ಹಿರಿಯನ ಮುಂದೆ ಸಾಹೇಬನಾಗುವುದು ಬೇರೆ. ತಾನು ಹತ್ತಿ ಅಂಗಡಿಯ ಗುಮಾಸ್ತನೆಂದು ಒದರಿ ಹೇಳಿದ. ಗುಡುಗಿನಲ್ಲಿ ಅದು ಯಾರಿಗೂ ಕೇಳಿಸಲಿಲ್ಲ. ಉಳಿದದ್ದು ಒಂದೇ ದಾರಿ ಎನಿಸಿ, ಅವನು ತಟ್ಟನೆ ಬಗ್ಗಿ ಚಪ್ಪರದಿಂದ ಹೊರಗೆ ನುಸುಳಿ ಗುಡ್ಡದ ಏರಿನ ಮೇಲೆ ಓಟ ಕಿತ್ತ.

ಆಹಾ, ಮಳೆ ಬಿತ್ತು. ಕೋಟಿನ ಮೇಲೆ ಪಟಪಟ ಸದ್ದಾಯಿತು. ಆ ಸುಖ ಹತ್ತು ಹೆಜ್ಜೆಯದು. ಕೆಂಪು ಜೇಡಿಯಲ್ಲಿ ಕಾಲು ಜಾರಿತು. ಹತ್ತಿದ್ದಕ್ಕಿಂತ ಜೋರಾಗಿ, ಬೆನ್ನ ಮೇಲೆ, ಜಾಲಿಯ ಕಂಟಿಯನ್ನು ಸವರಿಕೊಂಡು ಅವನು ಕೆಳಗೆ ಬಂದು ಕಳಕಪ್ಪನ ಕಾಲ ಬಳಿಯೇ ನಿಂತ. ಧೋತರ ಹರಿದಿತ್ತು. ಕೋಟು ಎಲೆಹಸಿರೆಂದು ಹೇಳಲು ಸಾಕ್ಷಿ ಬೇಕಾಗಿತ್ತು.

ಊರವರು ಅವನನ್ನು ಹೂವಿನಂತೆ ಎತ್ತಿಕೊಂಡು ಕಳಕಪ್ಪನ ಮನೆಗೆ ತಂದರು. ಕಳಕಪ್ಪನ ಹೆಂಡತಿ ಮುತ್ತವ್ವ ಕೋಟನ್ನು ಬಿಚ್ಚಿಸಿಕೊಂಡು ಹೋಗಿ, ಬೂದಿ ಹಾಕಿ ತಿಕ್ಕಿ, ತೊಳೆದು, ಒಲೆಯ ಮೇಲಿನ ಗಳಕ್ಕೆ ಹಾಕಿದಳು. ದತ್ತಾತ್ರಿಗೆ ಉಡಲು ಒಂದು ಧೋತರ, ಹೊದೆಯಲು ಒಂದು ಕಂಬಳಿ ಸಿಕ್ಕಿತು. ಹೊರಗೆ ಮಳೆ ಆಗ ಎಂಥದೆಂದರೆ, ಎದುರು ಮನೆ ಕಾಣುತ್ತಿರಲಿಲ್ಲ. ಊರ ಮುದುಕರು ಇಂಥ ಮಳೆ ನೋಡಿ ಎಷ್ಟು ವರ್ಷವಾಯಿತೆಂದು ಲೆಕ್ಕ ಹಾಕುತ್ತಿದ್ದರು. ದತ್ತಾತ್ರಿ ಕಂಬಳಿಯೊಳಗಿಂದ ಮಳೆಯನ್ನು ನೋಡುತ್ತಿದ್ದ. ಕೋಟು ಒಲೆಯ ಮೇಲೆ ಬೆಚ್ಚಗಿತ್ತು.

ಕೋಟು ಕೊಡಿ, ಒಂದು ಸುತ್ತು ಹೊರಗೆ ಹೋಗಿಬರುತ್ತೇನೆ ಎಂದು ಅವನು ಬೇಡಿಕೊಂಡ. ಹಸಿ ಬಟ್ಟೆ ಹಾಕಿಕೊಂಡರೆ ನೆಗಡಿಯಾಗುತ್ತದೆ ಎಂದಳು ಮುತ್ತವ್ವ. ಅದು ಹಸಿ ಆಗುವುದೇ ಇಲ್ಲವೆಂದ ದತ್ತಾತ್ರಿ.

“ಹಂಗಾರ ಜಲ್ದಿ ಒಣಗತೈತಿ ಬಿಡ್ರಿ. ಒಣಗಲಿ,” ಎಂದು ಮುತ್ತವ್ವ ಬಿಸಿ ರೊಟ್ಟಿ ಬಡಿಯತೊಡಗಿದಳು.

ಬದನೆಕಾಯಿ ಪಲ್ಯ, ರೊಟ್ಟಿ, ಗಟ್ಟಿ ಮೊಸರು ಉಂಡು ಮುಗಿಯುವಾಗ ಮಳೆಯೂ ಮುಗಿದಿತ್ತು. ಕೋಟು ಹೊಸದಕ್ಕಿಂತ ಹೊಸದಾಗಿ ಕೈಗೆ ಬಂತು. ಕಳಕಪ್ಪ ಚಕ್ಕಡಿ ಹೂಡಿಸಿ ಮೋಟಾರು ನಿಲ್ಲುವಲ್ಲಿಗೆ ತಾನೇ ಬಂದು ಬಿಟ್ಟ. ಇಳಿಯುವಾಗ ಗಡಿಯ ಮಾತನ್ನು ಮತ್ತೆ ನೆನಪಿಸಿದ. ದತ್ತಾತ್ರಿಗೆ ವಾದಿಸುವ ತ್ರಾಣ ಉಳಿದಿರಲಿಲ್ಲ. ಗುಡ್ಡ ಎಲ್ಲಿಗೂ ಹೋಗುವುದಿಲ್ಲ, ನಿಮ್ಮ ಕುರಿ ಮೇಯಲಿ ಎಂದುಬಿಟ್ಟ. ಕಳಕಪ್ಪ ಕಣ್ಣೊರೆಸಿಕೊಂಡ. ದತ್ತಾತ್ರಿ ಅತ್ತ ನೋಡದೆ ಮೋಟಾರು ಹತ್ತಿದ.

ಗದಗು ಬಂದಾಗ ಹೊತ್ತು ಇಳಿದಿತ್ತು. ಮನೆಗೆ ಹೋಗುವಷ್ಟು ಸಮಯವಿರಲಿಲ್ಲ; ನೆಟ್ಟಗೆ ಸ್ಟೇಶನ್ನಿಗೆ ಹೋದ. ಹುಬ್ಬಳ್ಳಿಯ ಗಾಡಿ ಬಂದು ನಿಲ್ಲುವುದಕ್ಕೂ ಗುಡ್ಡದ ಮಳೆ ಅವನ ಬೆನ್ನು ಹತ್ತಿ ಊರಿಗೆ ಬಂದು ಬೀಳುವುದಕ್ಕೂ ಸರಿಹೋಯಿತು. ದತ್ತಾತ್ರಿ ಈ ಸಲ ಯಾರನ್ನೂ ನೋಡಲಿಲ್ಲ. ಸ್ಟೇಶನ್ನಿನ ಮುಂದಿನ ಬಯಲಿಗೆ ಬಂದು, ಕಾಲಗಲಿಸಿ, ಕೈಚಾಚಿ ನಿಂತ. ಛತ್ರಿಯಿಲ್ಲ, ಕಂಬಳಿಯಿಲ್ಲ, ಮಾಡು ಇಲ್ಲ. ಸಾಹೇಬರು ಬಂದು ಕಣ್ಣಾರೆ ನೋಡಲಿ, ಇದಕ್ಕಿಂತ ದೊಡ್ಡ ಪರೀಕ್ಷೆ ಯಾವುದಿದೆ ಎಂದುಕೊಂಡ.

ಸಾಹೇಬರು ಬಂದರು, ಬಾಗಿಲಲ್ಲೇ ನಿಂತರು. ಬೆಳಗಾವಿಯ ಕಡೆಯ ಗಟ್ಟಿ ಆಳು. ಮೈಮೇಲೆ ಬೆಣ್ಣೆಬಣ್ಣದ ಉಣ್ಣೆಯ ಸೂಟು. ಟಾಂಗಾಗಳೆಲ್ಲ ಮಳೆ ಕಂಡು ಮೊದಲೇ ತುಂಬಿ ಹೋಗಿದ್ದವು. ರಾಘವೇಂದ್ರ ಒಬ್ಬನಿಗಷ್ಟೇ ಸಾಲುವ ಛತ್ರಿಯ ಕೆಳಗೆ ಓಡಿಬಂದು ಭಾವನ ಕಿವಿಯಲ್ಲಿ ಹೇಳಿದ: “ಭಾವಾ, ಕೋಟು ಬಿಚ್ರಿ. ಸಾಹೇಬರ ಸೂಟು ತೊಯ್ದ್ರ ನಮ್ಮ ಕೆಲಸ ಕೆಡ್ತದ.”

ದತ್ತಾತ್ರಿ ಬಿಚ್ಚಿಕೊಟ್ಟ. ಸಾಹೇಬರು ಹಾಕಿಕೊಂಡು, ಟೊಪ್ಪಿಗೆ ಏರಿಸಿ, ಗಂಭೀರವಾಗಿ ನಡೆದರು. ರಾಘವೇಂದ್ರ ಛತ್ರಿಯಲ್ಲಿ ನಡೆದ. ಹಿಂದೆ ದತ್ತಾತ್ರಿ ಅವರ ಚೀಲ ಹೊತ್ತು, ಬೆಳಗಿನಿಂದ ಕಾದಿದ್ದ ಮಳೆಯನ್ನೆಲ್ಲ ಒಮ್ಮೆಲೆ ಮೈಮೇಲೆ ಹಾಕಿಸಿಕೊಳ್ಳುತ್ತ ಮನೆಗೆ ಬಂದ. ದಾರಿಯಲ್ಲಿ ಯಾರೂ ಅವನನ್ನು ಮಾಡಿನ ಕೆಳಗೆ ಕರೆಯಲಿಲ್ಲ.

ಪಡಸಾಲೆಯಲ್ಲಿ ಸಾಹೇಬರು ಕೋಟು ಕಳಚಿ ತಮ್ಮ ಸೂಟನ್ನು ಮುಟ್ಟಿ ನೋಡಿಕೊಂಡರು. ಬೆಣ್ಣೆಬಣ್ಣ ಹಾಗೇ ಇತ್ತು. ಒಂದು ಹನಿಯ ಕಲೆಯೂ ಇಲ್ಲ. ಅವರ ಮುಖ ಅರಳಿತು. ರಾಘವೇಂದ್ರ ಅಕ್ಕನ ಕಡೆ ನೋಡಿ ನಕ್ಕ. ಪದ್ಮಾಬಾಯಿ ಅವಲಕ್ಕಿ, ಚಹಾ ತಂದಿಟ್ಟಳು. ದತ್ತಾತ್ರಿ ಬಟ್ಟೆ ಬದಲಿಸಲು ಒಳಗೆ ಹೊರಟರೆ ಸಾಹೇಬರು ತಮ್ಮೆದುರು ಚಾಪೆ ತೋರಿಸಿ ಕೂಡ್ರಿಸಿಕೊಂಡರು. ಗದಗಿನ ಪೇಟೆ, ಗುಡ್ಡ, ಮಂದಿ ಎಲ್ಲದರ ಬಗ್ಗೆ ಕೇಳತೊಡಗಿದರು. ಕೋಟು ಹೇಗೆ ಎಂದಾಗ ದತ್ತಾತ್ರಿ ಪೇಟೆಯಲ್ಲೂ ಗುಡ್ಡದಲ್ಲೂ ತಾನು ಒಂದು ಹನಿಯೂ ತೊಯ್ಯಲಿಲ್ಲವೆಂದ. ಅದು ಸುಳ್ಳೇನೂ ಅಲ್ಲ.

ಅಷ್ಟರಲ್ಲಿ ಮೂಗಿನ ಒಳಗೆ ಇರುವೆ ಹರಿದಂತಾಯಿತು. ಸೀನು. ಪದ್ಮಾಬಾಯಿ ಅವನ ಮುಖ ನೋಡಿ ಗುರುತಿಸಿದಳು. ಸಾಹೇಬರ ಬೆನ್ನ ಹಿಂದೆ ನಿಂತು ಕಣ್ಣರಳಿಸಿ ತಲೆಯಾಡಿಸಿದಳು. ಶುಭಕಾರ್ಯದ ಮಾತು ನಡೆದಾಗ ಸೀನುವುದುಂಟೇ? ಅದರಲ್ಲೂ ಒಂಟಿ ಸೀನು ಬಿದ್ದರೆ ಮುಗಿಯಿತು. ದತ್ತಾತ್ರಿ ಉಸಿರು ಬಿಗಿಹಿಡಿದ. ಅದು ಇಳಿಯಿತು. ಇನ್ನೊಂದು ಬಂತು, ನಾಲಗೆಯನ್ನು ಅಂಗುಳಕ್ಕೆ ಒತ್ತಿ ಅದನ್ನೂ ನುಂಗಿದ. ಧೋತರದಿಂದ ನೀರಿಳಿದು ಚಾಪೆಯ ಸುತ್ತ ಕಾಲುವೆಯಾಯಿತು. ಮೈ ಒಳಗೊಳಗೇ ನಡುಗುತ್ತಿತ್ತು. ಕಣ್ಣಲ್ಲಿ ನೀರು ಬಂದರೂ ಮುಖದ ಮೇಲಿನ ನಗೆಯನ್ನು ಅವನು ಬಿಡಲಿಲ್ಲ. ಇಷ್ಟು ಹೊತ್ತು ತಡೆದುಕೊಂಡದ್ದಕ್ಕೆ ಮುಂದೆ ಜೀವಮಾನವೆಲ್ಲ ಕುರ್ಚಿಯ ಮೇಲೆ ಕೂಡ್ರಬಹುದು ಎಂದು ತನಗೆ ತಾನೇ ಹೇಳಿಕೊಂಡ.

ಸಾಹೇಬರು ಚಹಾ ಕುಡಿದು, ಬಟ್ಟಲು ಕೆಳಗಿಟ್ಟು, ಅವನನ್ನು ಬಹಳ ಹೊತ್ತು ನೋಡಿದರು. ಆಮೇಲೆ ರಾಘವೇಂದ್ರನ ಕಡೆ ತಿರುಗಿದರು.

“ಕೋಟು ಫಸ್ಟ್ ಕ್ಲಾಸ್ ಅದ, ಅದರಾಗ ಎರಡ ಮಾತಿಲ್ಲ. ಆದ್ರ ಈ ಊರಾಗ ನಡಿಯೂದಿಲ್ಲ ರಾಘೂ. ನಿಮ್ಮ ಭಾವನ್ನ ನೋಡು. ಸ್ಟೇಶನ್ನಿಂದ ಇಲ್ಲೀತನಕ ಕೋಟು ಛತ್ರಿ ಇಲ್ಲದ ತೊಯ್ಸಿಕೊಂಡ ಬಂದ್ರು, ಹಸಿ ಅರಿವ್ಯಾಗ ಇಷ್ಟ ಹೊತ್ತು ಕೂತಾರ, ನಕ್ಕೋತ ಮಾತಾಡ್ತಾರ. ಒಂದ ಸೀನು ಸೈತ ಇಲ್ಲ. ಇಂಥಾ ಗಟ್ಟಿ ಮಂದಿಗೆ ಕೋಟು ಯಾತಕ್ಕ ಬೇಕು?”

ರಾಘವೇಂದ್ರ ಏನೋ ಹೇಳಹೋದ. ಸಾಹೇಬರು ಕೈ ಎತ್ತಿದರು. ಈ ಸೀಮೆಗೆ ಏಜೆನ್ಸಿ ಬೇಡ, ಪುಣೆ ಕಡೆಯ ಮಂದಿ ನಾಜೂಕು, ಅಲ್ಲಿಗೇ ಕೊಡೋಣ ಎಂದು ತೀರ್ಮಾನಿಸಿ ಎದ್ದರು. ಹೊರಗೆ ಹನಿ ಇನ್ನೂ ನಿಂತಿರಲಿಲ್ಲ; ಕೋಟನ್ನು ತಾವೇ ತೊಟ್ಟುಕೊಂಡರು. ಹೋಗುವಾಗ ದತ್ತಾತ್ರಿಯ ಹಸಿ ಬೆನ್ನ ಮೇಲೆ ಕೈಯಾಡಿಸಿ, ಮೈ ಹೀಗೇ ಗಟ್ಟಿಯಾಗಿ ಇಟ್ಟುಕೊಳ್ಳಬೇಕೆಂದು ಮೆಚ್ಚಿ ಹೇಳಿದರು. ರಾಘವೇಂದ್ರ ಭಾವನ ಮುಖ ಸಹ ನೋಡಲಿಲ್ಲ.

ಅವರು ಓಣಿ ದಾಟಿದ ಮೇಲೂ ದತ್ತಾತ್ರಿ ಚಾಪೆಯ ಮೇಲೇ ಕೂತಿದ್ದ. ಪದ್ಮಾಬಾಯಿ ಕಂಬಕ್ಕೆ ಒರಗಿ ನಿಂತಿದ್ದಳು. ಅವಳು ಮೆಲ್ಲಗೆ, “ಆವಾಗ ಸೀನಿದ್ರ ಛಲೋ ಇತ್ತೇನೋ,” ಎಂದಳು.

ದತ್ತಾತ್ರಿ ಥಟ್ಟನೆ ಎದ್ದ. ಗಾಡಿ ಹೊರಡಲು ಇನ್ನೂ ಸಮಯವಿತ್ತು. ಎರಡು ಸೀನು ಸಾಹೇಬರ ಎದುರು ಸೀನಿಬಿಟ್ಟರೆ ಗದಗಿನವರೂ ನಾಜೂಕು ಮಂದಿಯೇ ಎಂದು ಅವರಿಗೆ ಖಾತ್ರಿಯಾದೀತು. ಅವನು ಹಾಗೇ ಹಸಿ ಬಟ್ಟೆಯಲ್ಲಿ ಸ್ಟೇಶನ್ನಿಗೆ ಓಡಿದ. ಮೂಗಿನಲ್ಲಿದ್ದ ಇರುವೆ ಓಡುವಾಗ ಎಲ್ಲೋ ಅಡಗಿಬಿಟ್ಟಿತು. ಪ್ಲಾಟ್‌ಫಾರ್ಮಿನ ಮೇಲೆ ಸಾಹೇಬರ ಡಬ್ಬಿಯ ಕಿಟಕಿ ಸಿಕ್ಕಿತು. ಸಾಹೇಬರು ಬ್ಯಾಗು ಮೇಲಿಟ್ಟು ಕೈಮುಗಿದು, ಪ್ರಯಾಣ ಸುಖವಾಗಲೆಂದು ದೇವರನ್ನು ನೆನೆಯುತ್ತಿದ್ದರು. ದತ್ತಾತ್ರಿ ಕಿಟಕಿಯ ಬಳಿ ನಿಂತು ದೀಪ ನೋಡಿದ, ಮೂಗು ತಿಕ್ಕಿದ, ಬೇಡಿಕೊಂಡ. ಸೀನು ಬರಲಿಲ್ಲ. ಗಾರ್ಡು ಸೀಟಿ ಊದಿದ. ಗಾಡಿ ಕದಲಿತು. ದತ್ತಾತ್ರಿ ಕಿಟಕಿಯ ಜೊತೆ ಜೊತೆಗೇ ಓಡಿದ.

ಆಗ ಬಂತು. ಚಾಪೆಯ ಮೇಲೆ ತಡೆದದ್ದೆಲ್ಲ ಒಟ್ಟುಗೂಡಿದಂತೆ, ಇಂಜಿನ್ನಿನ ಸದ್ದನ್ನೂ ಮೀರಿ, ಸಾಹೇಬರ ಮುಖಕ್ಕೆ ನೇರವಾಗಿ ಬಂತು.

ಒಂದೇ ಒಂದು. ಎರಡನೆಯದಕ್ಕಾಗಿ ಅವನು ಬಾಯಿ ತೆರೆದುಕೊಂಡೇ ಓಡುತ್ತಿರುವಾಗ, ಸ್ಟೇಶನ್ನಿನಿಂದ ಗಾಡಿ ಬಿಡುವ ಗಳಿಗೆಯಲ್ಲಿ ಒಂಟಿ ಸೀನು ಸೀನಿದ ಈ ಅಪಶಕುನದ ಮನುಷ್ಯನನ್ನು ಸಾಹೇಬರು ದುರುಗುಟ್ಟಿ ನೋಡಿದರು. ನೋಡಿ, ಕೋಟಿನ ಟೊಪ್ಪಿಗೆಯನ್ನು ತಲೆಯ ಮೇಲೆ ಎಳೆದುಕೊಂಡು, ಕಿಟಕಿಯನ್ನು ಧಡಾರನೆ ಇಳಿಸಿಬಿಟ್ಟರು.